ನೇತ್ರಾಣಿಯ ನೀರಿನಲ್ಲಿ ಕಿವಿ ನೋಯುವುದೇಕೆ? ಮತ್ತೆ ಇಳಿಯಬಹುದೇ?

ಓದುಗರ ಪ್ರಶ್ನೆ:

"ನಾನು ಚಿಕ್ಕಮಗಳೂರಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ, ವಯಸ್ಸು 36. ಎರಡು ವರ್ಷಗಳ ಹಿಂದೆ ಈಜು ಕಲಿತೆ. ಕಳೆದ ಜನವರಿಯಲ್ಲಿ ಮುರುಡೇಶ್ವರಕ್ಕೆ ಹೋಗಿ ನಾಲ್ಕು ದಿನಗಳ ಸ್ಕೂಬಾ ಡೈವಿಂಗ್ ಕೋರ್ಸಿಗೆ ಸೇರಿದೆ. ಈಜುಕೊಳದ ಅಭ್ಯಾಸದಲ್ಲಿ ಬಲಗಿವಿ ಸ್ವಲ್ಪ ಬಿಗಿದಂತಾಗುತ್ತಿತ್ತು, ಸಹಿಸಿಕೊಂಡೆ. ಮೂರನೆಯ ದಿನ ನೇತ್ರಾಣಿ ದ್ವೀಪದ ಬಳಿ ಸಮುದ್ರಕ್ಕೆ ಇಳಿದೆವು. ನಾಲ್ಕು ಮೀಟರ್ ಆಗುವಷ್ಟರಲ್ಲಿ ಬಲಗಿವಿಯಲ್ಲಿ ಸೂಜಿ ಚುಚ್ಚಿದಂಥ ನೋವು. ಜೊತೆಗಿದ್ದವರೆಲ್ಲ ಆಗಲೇ ಕೆಳಗೆ ಹೋಗಿದ್ದರು. ನನ್ನೊಬ್ಬಳಿಂದ ಎಲ್ಲರಿಗೂ ತಡವಾಗಬಾರದೆಂದು ಮೂಗು ಹಿಡಿದು ಬಲವಾಗಿ ಊದುತ್ತಲೇ ಇಳಿದೆ. ಏಳು ಮೀಟರಿನ ಹತ್ತಿರ ಕಿವಿಯೊಳಗೆ ಚಿಟಿಲ್ ಎಂದಂತಾಯಿತು. ಮೇಲೆ ಬಂದು ಮಾಸ್ಕ್ ತೆಗೆದರೆ ಅದರೊಳಗೆ ರಕ್ತ. ಅಂದೇ ಕೋರ್ಸ್ ಬಿಟ್ಟು ಆಗುಂಬೆ ದಾರಿಯಲ್ಲಿ ಮನೆಗೆ ಬಂದೆ. ಹತ್ತು ದಿನ ಕಿವಿಗೆ ಹತ್ತಿ ತುರುಕಿದಂತೆ ಮಂದವಾಗಿತ್ತು. ಅತ್ತೆ ಬೆಳ್ಳುಳ್ಳಿ ಹಾಕಿ ಕಾಸಿದ ಕೊಬ್ಬರಿ ಎಣ್ಣೆ ಬಿಟ್ಟರು. ತಾನಾಗಿಯೇ ಸರಿಯಾಯಿತು, ವೈದ್ಯರಿಗೆ ತೋರಿಸಲಿಲ್ಲ. ಚಿಕ್ಕವಳಿದ್ದಾಗ ಎಂಟು ಒಂಬತ್ತು ವರ್ಷದವರೆಗೆ ಇದೇ ಕಿವಿ ಸೋರುತ್ತಿತ್ತು.

ಒಬ್ಬರು ಕಿವಿಯ ತಮಟೆ ಒಡೆದಿರಬೇಕು, ಇನ್ನು ನೀರಿಗಿಳಿದರೆ ಕಿವುಡಾಗುತ್ತೀಯ ಎನ್ನುತ್ತಾರೆ. ಡೈವ್ ಮಾಡುವ ಗೆಳತಿ, ನೆಗಡಿ ಮಾತ್ರೆ ನುಂಗಿ ಇಳಿ, ಏನೂ ಆಗುವುದಿಲ್ಲ ಎನ್ನುತ್ತಾಳೆ. ಉಳಿದ ಡೈವ್‌ಗಳನ್ನು ಮುಗಿಸಲು ನವೆಂಬರಿನಲ್ಲಿ ಬನ್ನಿ ಎಂದು ತರಬೇತಿಯವರು ಕರೆಯುತ್ತಿದ್ದಾರೆ. ಹೋಗಲೇ? ಅಥವಾ ನನ್ನ ಕಿವಿಯೇ ಇದಕ್ಕೆ ಲಾಯಕ್ಕಿಲ್ಲವೇ? ನನಗೆ ಧೈರ್ಯ ಸಾಲದೇ?"

ಉತ್ತರ:

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಸೂಜಿ ಚುಚ್ಚಿದಂಥ ನೋವಿನಲ್ಲೂ ಇನ್ನೂ ಮೂರು ಮೀಟರ್ ಇಳಿದವರಿಗೆ ಧೈರ್ಯ ಸಾಲದು ಎಂದು ನಾನು ಹೇಳಲಾರೆ. ಅಂದು ಇಷ್ಟು ಧೈರ್ಯ ತೋರದಿದ್ದರೆ ನಿಮ್ಮ ಕಿವಿ ಉಳಿಯುತ್ತಿತ್ತು. ಕರಾವಳಿಯ ಊರೊಂದರಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯೆಯಾಗಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ, ನಾನೂ ಡೈವ್ ಮಾಡುತ್ತೇನೆ. ಅಕ್ಟೋಬರಿನಿಂದ ಮೇ ತಿಂಗಳವರೆಗೆ, ಕಡಲು ಶಾಂತವಾಗಿದ್ದು ದೋಣಿಗಳು ನೇತ್ರಾಣಿಗೆ ಹೋಗುವ ಕಾಲದಲ್ಲಿ, ನಿಮ್ಮಂಥದೇ ಕಥೆ ಹೇಳಿಕೊಂಡು ಬರುವವರನ್ನು ನೋಡುತ್ತಲೇ ಇರುತ್ತೇನೆ. ಹೆಚ್ಚಿನವರು ಮೊದಲ ಅಥವಾ ಎರಡನೆಯ ಡೈವ್‌ನಲ್ಲಿ ಕಿವಿ ಕೆಡಿಸಿಕೊಂಡವರು. ಬಹುಮಂದಿ ಹೇಳುವುದೂ ಒಂದೇ ಮಾತು: "ಉಳಿದವರಿಗೆ ತಡವಾಗಬಾರದೆಂದು ಇಳಿದೆ."

ನೀರಿನಲ್ಲಿ ನಿಮ್ಮ ಕಿವಿಗೆ ಏನಾಯಿತು ಎಂಬುದು ತಿಳಿದರೆ ಉಳಿದ ಪ್ರಶ್ನೆಗಳು ಅರ್ಧ ಬಗೆಹರಿಯುತ್ತವೆ. ಆಗುಂಬೆ ಘಾಟಿ ಇಳಿಯುವಾಗ ನಿಮಗೆ ಕಿವಿ ಕಟ್ಟಿದಂತಾಗುತ್ತದಲ್ಲವೇ? ಉಗುಳು ನುಂಗಿದರೆ 'ಟಪ್' ಎಂದು ಬಿಡುತ್ತದೆ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕಡಲತೀರದವರೆಗೆ ಇಳಿಯುವಷ್ಟರಲ್ಲಿ ಗಾಳಿಯ ಒತ್ತಡ ಎಷ್ಟು ಹೆಚ್ಚುತ್ತದೆಯೋ ಅಷ್ಟು ಹೆಚ್ಚಲು ಸಮುದ್ರದಲ್ಲಿ ಮುಕ್ಕಾಲು ಮೀಟರ್ ಇಳಿದರೆ ಸಾಕು. ಹದಿನಾಲ್ಕು ತಿರುವುಗಳ ಘಾಟಿ, ಅದರಾಚೆಯ ಬಯಲು ಎಲ್ಲ ಸೇರಿ ಕಿವಿಯ ಮೇಲೆ ಮಾಡುವ ಕೆಲಸವನ್ನು ನೀರು ಎದೆಮಟ್ಟಕ್ಕೂ ಮೊದಲೇ ಮಾಡಿ ಮುಗಿಸುತ್ತದೆ. ಘಾಟಿ ಇಳಿಯಲು ಅರ್ಧ ಗಂಟೆಯಾದರೂ ಬೇಕು. ನೀರಿನಲ್ಲಿ ಅದಕ್ಕೆ ಐದು ಸೆಕೆಂಡು ಸಾಕು.

ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಸೇರುತ್ತದೆ. ಮೇಲೆ ಒಂದಿದ್ದದ್ದು ಹತ್ತು ಮೀಟರಿನಲ್ಲಿ ಎರಡಾಗುತ್ತದೆ, ಇಪ್ಪತ್ತರಲ್ಲಿ ಮೂರು. ಗಾಳಿಯ ಗಾತ್ರವೂ ಅದಕ್ಕೆ ತಕ್ಕಂತೆ ಕುಗ್ಗುತ್ತದೆ. ಮೊದಲ ಹತ್ತು ಮೀಟರಿನಲ್ಲೇ ಅದು ಅರ್ಧಕ್ಕಿಳಿಯುತ್ತದೆ. ಮುಂದಿನ ಹತ್ತರಲ್ಲಿ ಉಳಿದ ಅರ್ಧದಿಂದ ಮೂರನೇ ಒಂದಕ್ಕಷ್ಟೇ ಬರುತ್ತದೆ. ಆದ್ದರಿಂದಲೇ ಆಳಕ್ಕಿಂತ ಮೇಲಿನ ಐದಾರು ಮೀಟರುಗಳು ಕಿವಿಗೆ ಹೆಚ್ಚು ಕಠಿಣ. ಈಜುಕೊಳದ ಎರಡು ಮೀಟರಿನಲ್ಲೂ ನಿಮ್ಮ ಬಲಗಿವಿ ದೂರು ಹೇಳಿತ್ತು. ಅದೇ ಮೊದಲ ಸೂಚನೆ. ಅಂದೇ ಅದನ್ನು ಬೋಧಕರಿಗೆ ಹೇಳಬೇಕಿತ್ತು, ಅವರೂ ಕೇಳಬೇಕಿತ್ತು.

ಕಿವಿತಮಟೆಯ ಹಿಂದೆ ಕಡಲೆಕಾಳು ಹಿಡಿಸುವಷ್ಟು ಪುಟ್ಟ ಗಾಳಿಯ ಕೋಣೆಯೊಂದಿದೆ. ಅದು ಮಧ್ಯಕಿವಿ. ಹೊರಗಿನ ನೀರು ತಮಟೆಯನ್ನು ಒಳಕ್ಕೆ ಒತ್ತಿದಾಗ, ಆ ಕೋಣೆಗೆ ಅಷ್ಟೇ ಒತ್ತಡದ ಗಾಳಿ ಸೇರಿಸಿದರೆ ತಮಟೆ ನೆಟ್ಟಗೆ ನಿಲ್ಲುತ್ತದೆ, ನೋವಿರುವುದಿಲ್ಲ. ಗಾಳಿ ಸೇರಬೇಕಾದ ದಾರಿ ಒಂದೇ, ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಯೂಸ್ಟೇಶಿಯನ್ ನಾಳ. ದೊಡ್ಡವರಲ್ಲಿ ಅದರ ಉದ್ದ ಮೂರೂವರೆ ಸೆಂಟಿಮೀಟರಿನಷ್ಟು. ಸದಾ ಮುಚ್ಚಿಕೊಂಡೇ ಇರುತ್ತದೆ, ನುಂಗುವಾಗ, ಆಕಳಿಸುವಾಗ ಕ್ಷಣಮಾತ್ರ ತೆರೆಯುತ್ತದೆ.

ಕೆರೆಯ ತೂಬನ್ನು ನೋಡಿದ್ದೀರಾ? ನೀರು ಕಡಿಮೆಯಿದ್ದಾಗ ಹಲಗೆಯನ್ನು ಒಬ್ಬರೇ ಎತ್ತಬಹುದು. ಕೆರೆ ತುಂಬಿ ಅದರ ಭಾರವೆಲ್ಲ ಹಲಗೆಯ ಮೇಲೆ ಬಿದ್ದ ಮೇಲೆ ಇಬ್ಬರು ಸೇರಿದರೂ ಅದು ಅಲುಗುವುದಿಲ್ಲ. ಈ ನಾಳವೂ ಹಾಗೆಯೇ. ಅರ್ಧ ಮೀಟರಿನಲ್ಲಿ ಮೆಲ್ಲಗೆ ಕೇಳಿದರೆ ತೆರೆಯುತ್ತದೆ. ಒತ್ತಡ ಸಮ ಮಾಡದೆ 80 ಸೆಂಟಿಮೀಟರಿನಷ್ಟು ಇಳಿದರೆ ಕಿವಿ ಬಿಗಿಯುತ್ತದೆ. 1.2 ಮೀಟರಿನ ಹೊತ್ತಿಗೆ ನಾಳದ ಬಾಯಿ ಎಷ್ಟು ಗಟ್ಟಿಯಾಗಿ ಅಮರಿಕೊಳ್ಳುತ್ತದೆಂದರೆ ಬಹಳ ಮಂದಿಗೆ ಎಷ್ಟು ಊದಿದರೂ ಅದು ಬಿಡುವುದಿಲ್ಲ. ಆಮೇಲೆ ಇಳಿದಷ್ಟೂ ಮಧ್ಯಕಿವಿಯ ಒಳಪೊರೆ ಊದಿಕೊಂಡು, ನೀರು ಒಸರಿ, ಸಣ್ಣ ರಕ್ತನಾಳಗಳು ಒಡೆದು, ಖಾಲಿ ಉಳಿದ ಜಾಗವನ್ನು ದೇಹ ರಕ್ತದಿಂದ ತುಂಬಿಸುತ್ತದೆ. ಅದೂ ಸಾಲದಿದ್ದರೆ ತಮಟೆ ಹರಿಯುತ್ತದೆ. ನಿಮ್ಮ ಬಲಗಿವಿ ಬಹುಶಃ ಎರಡು ಮೂರು ಮೀಟರಿನಲ್ಲೇ ಅಮರಿಕೊಂಡಿತ್ತು. ನಾಲ್ಕರಲ್ಲಿ ನೋವು ಕಂಡಿತು, ಏಳರಲ್ಲಿ ಚಿಟಿಲ್ ಎಂದಿತು. ನೋವು ಬಂದ ಮೇಲೆ ಊದುವುದೆಂದರೆ ತುಂಬಿದ ಕೆರೆಯ ತೂಬಿಗೆ ಕೈಹಾಕಿದಂತೆ. ಎಲ್ಲ ಕೆಲಸವೂ ನೋವಿಗೆ ಮೊದಲೇ ಆಗಬೇಕು.

ತಮಟೆ ಒಡೆದಿತ್ತೇ? ಪತ್ರ ಓದಿ ಖಚಿತವಾಗಿ ಹೇಳುವಂತಿಲ್ಲ, ಆದರೆ ಸಾಧ್ಯತೆ ಕಡಿಮೆ ಎಂದೇ ನನ್ನ ಎಣಿಕೆ. ನೀರಿನಡಿ ತಮಟೆ ಹರಿದರೆ ತಣ್ಣನೆಯ ಸಮುದ್ರದ ನೀರು ಒಳಗೆ ನುಗ್ಗಿ, ಸಮತೋಲ ಕಾಯುವ ಒಳಗಿವಿಯನ್ನು ಕೆಣಕುತ್ತದೆ. ಮೇಲೆ ಯಾವುದು, ಕೆಳಗೆ ಯಾವುದು ಎಂಬುದೇ ತಿಳಿಯದಷ್ಟು ತಲೆ ಸುತ್ತುತ್ತದೆ, ನೀರು ಮೈಬಿಸಿಗೆ ಬರುವವರೆಗೂ ಬಿಡುವುದಿಲ್ಲ. ನೀವು ತಲೆಸುತ್ತನ್ನು ಹೇಳಿಲ್ಲ. ಹರಿದ ಕಿವಿಯಿಂದ ಆಮೇಲೆ ಸಾಮಾನ್ಯವಾಗಿ ನೀರೋ ಕೀವೋ ಬರುತ್ತದೆ, ಅದನ್ನೂ ಹೇಳಿಲ್ಲ. ಹತ್ತಿ ತುರುಕಿದಂಥ ಮಂದ, ಹತ್ತು ದಿನದಲ್ಲಿ ತಾನಾಗಿಯೇ ಸರಿಹೋದದ್ದು, ಇವು ಮಧ್ಯಕಿವಿಯಲ್ಲಿ ರಕ್ತ ಅಥವಾ ನೀರು ತುಂಬಿಕೊಂಡು ಮೆಲ್ಲಗೆ ಇಂಗಿದ್ದರ ಲಕ್ಷಣ. ಇಂಥ ಪೆಟ್ಟಿಗೆ ನಾವು 0 ರಿಂದ 5 ರವರೆಗೆ ಅಂಕ ಹಾಕುತ್ತೇವೆ. ಸೊನ್ನೆಯೆಂದರೆ ನೋವಿದೆ, ಕಣ್ಣಿಗೇನೂ ಕಾಣದು. ಐದೆಂದರೆ ತಮಟೆ ಹರಿದಿದೆ. ನಿಮ್ಮದು ನಡುವಿನಲ್ಲೆಲ್ಲೋ ಇದ್ದಿರಬೇಕು.

ಒಡೆದಿದ್ದರೂ ಕಿವುಡೇ ಗತಿ ಎಂಬ ಮಾತು ಸುಳ್ಳು. ಹೀಗೆ ಹರಿದ ತಮಟೆಗಳಲ್ಲಿ ಬಹುಪಾಲು ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಎರಡು ಮೂರು ತಿಂಗಳಲ್ಲಿ, ನೀರು ತಾಗಿಸದೆ ಕಾದರೆ ತಾವೇ ಮುಚ್ಚಿಕೊಳ್ಳುತ್ತವೆ. ನನ್ನ ಭಯ ಇರುವುದು ಬೇರೆ ಕಡೆ, ನಿಮ್ಮ ಆ ಬಲವಾದ ಊದುವಿಕೆಯಲ್ಲಿ.

ಮೂಗು ಹಿಡಿದು ಊದುವ ಈ ಕ್ರಮ ಹೊಸದಲ್ಲ. ಇಟಲಿಯ ಅಂಗರಚನಾತಜ್ಞ ಅಂಟೋನಿಯೊ ಮರಿಯ ವಾಲ್ಸಾಲ್ವಾ 1704ರಲ್ಲೇ ಇದನ್ನು ವಿವರಿಸಿದ್ದ. ಅವನ ಉದ್ದೇಶ ಡೈವಿಂಗ್ ಆಗಿರಲಿಲ್ಲ, ಸೋರುವ ಕಿವಿಯ ಕೀವನ್ನು ಹೊರಗೆ ತಳ್ಳುವುದಾಗಿತ್ತು. ಮೆಲ್ಲಗೆ, ಒಂದೆರಡು ಸೆಕೆಂಡು ಮಾಡಿದರೆ ಇಂದಿಗೂ ಉಪಯುಕ್ತ. ಮುಖ ಕೆಂಪಾಗುವಂತೆ ಊದಿದರೆ ಎದೆಯ ಒತ್ತಡವೆಲ್ಲ ತಲೆಗೇರಿ, ಒಳಗಿವಿಯ ದ್ರವವನ್ನು ಹೊರಕ್ಕೆ ನೂಕುತ್ತದೆ. ಆಗ ಮಧ್ಯಕಿವಿಗೂ ಒಳಗಿವಿಗೂ ನಡುವೆ ಇರುವ ಕಾಗದಕ್ಕಿಂತ ತೆಳ್ಳಗಿನ ಪೊರೆ ಹರಿಯಬಹುದು. ತಮಟೆಯ ಗಾಯ ಮಾಯುತ್ತದೆ. ಒಳಗಿವಿಯ ನರಕ್ಕೆ ಬಿದ್ದ ಪೆಟ್ಟು ಎಷ್ಟೋ ಸಲ ಮಾಯುವುದಿಲ್ಲ. ಡೈವ್ ಆದ ಮೇಲೆ ಕಿವಿ ಗುಂಯ್‌ಗುಡುವುದು ನಿಲ್ಲದಿದ್ದರೆ, ಕೋಣೆ ತಿರುಗಿದಂತಾದರೆ, ಒಂದು ಕಿವಿ ಫಕ್ಕನೆ ಕೇಳಿಸದಾದರೆ ಅದು ತುರ್ತು ಚಿಕಿತ್ಸೆಯ ವಿಷಯ, ಅದೇ ದಿನ ವೈದ್ಯರನ್ನು ಕಾಣಬೇಕು. ಎಣ್ಣೆ ಬಿಟ್ಟು ಕಾಯುವ ಹೊತ್ತು ಅದಲ್ಲ. ನಿಮಗೆ ಇವು ಯಾವುವೂ ಆಗಲಿಲ್ಲ ಎಂಬುದು ನನಗೆ ನಿಜವಾದ ಸಮಾಧಾನ.

ಮಾಸ್ಕಿನಲ್ಲಿದ್ದ ರಕ್ತ ನೋಡಿ ನೀವು ಹೆದರಿದ್ದು ಸಹಜ. ಆದರೆ ಅದು ಕಿವಿತಮಟೆ ಹರಿದು ಬಂದದ್ದಲ್ಲ. ಮಾಸ್ಕಿನೊಳಗೆ ಇರುವುದು ಕಣ್ಣು ಮತ್ತು ಮೂಗು. ಕಿವಿ ಹೊರಗೆ, ನೀರಿನಲ್ಲಿರುತ್ತದೆ. ಹಣೆಯ, ಕೆನ್ನೆಯ ಮೂಳೆಗಳೊಳಗಿನ ಸೈನಸ್‌ಗಳಿಗೂ ಗಾಳಿ ಸೇರದೆ ಒಳಪೊರೆ ಕಿತ್ತು ಮೂಗಿನಿಂದ ಜಿನುಗಿದ ರಕ್ತ ಅದಾಗಿರಬೇಕು. ನೀರಿನೊಂದಿಗೆ ಬೆರೆತು ಎರಡು ಹನಿಯೂ ಅರ್ಧ ಲೋಟದಂತೆ ಕಾಣುತ್ತದೆ. ಒಮ್ಮೆ ಹೀಗಾದರೆ ಗಾಬರಿ ಬೇಡ. ಪ್ರತಿ ಡೈವ್‌ನಲ್ಲೂ ಆದರೆ ಮೂಗಿನೊಳಗೆ ಅಲರ್ಜಿಯ ಊತವೋ, ದುರ್ಮಾಂಸವೋ, ಸೊಟ್ಟಗಿರುವ ನಡುಗೋಡೆಯೋ ಇರಬಹುದು, ನೋಡಿಸಬೇಕು.

ಎಣ್ಣೆಯ ವಿಚಾರ. ಕಿವಿಯ ಹೊರನಾಳಕ್ಕೆ ಬಿಟ್ಟ ಎಣ್ಣೆ ತಮಟೆಯ ಈಚೆಗೇ ನಿಲ್ಲುತ್ತದೆ, ತೊಂದರೆ ಇದ್ದದ್ದು ಅದರ ಆಚೆಗೆ. ಹಾಗಾಗಿ ಅದರಿಂದ ಉಪಯೋಗವಾಗಿಲ್ಲ, ಬೆಚ್ಚಗೆ ಹಿತವೆನಿಸಿರಬಹುದು ಅಷ್ಟೇ. ತಮಟೆಯಲ್ಲಿ ರಂಧ್ರವಿದ್ದಿದ್ದರೆ ಮಾತ್ರ ಆ ಎಣ್ಣೆ ಒಳಗಿಳಿದು ಸೋಂಕು ತರುತ್ತಿತ್ತು. ಕರಾವಳಿಯ ಸೆಕೆಯಲ್ಲಿ ಎಣ್ಣೆ ಬಿಟ್ಟ ಕಿವಿಯೊಳಗೆ ಬೂಷ್ಟು ಬೆಳೆದದ್ದನ್ನು ನಾನು ಮೇಲಿಂದ ಮೇಲೆ ನೋಡುತ್ತೇನೆ. ಅತ್ತೆಯವರ ಕಾಳಜಿ ದೊಡ್ಡದು, ಅವರ ಮನಸ್ಸು ನೋಯಿಸಬೇಡಿ. ಮುಂದೆ ಬೇಡ ಎಂದರೆ ಸಾಕು. ನೀರು ಒಳಗೆ ಹೋಗದಿರಲೆಂದು ಹತ್ತಿಯನ್ನೋ ರಬ್ಬರ್ ಬಿರಡೆಯನ್ನೋ ಇಟ್ಟುಕೊಂಡು ಇಳಿಯುವವರೂ ಇದ್ದಾರೆ. ಬಿರಡೆ ಮತ್ತು ತಮಟೆಯ ನಡುವೆ ಸಿಕ್ಕಿಕೊಂಡ ಗಾಳಿಗೆ ಸಮವಾಗುವ ದಾರಿಯೇ ಇರುವುದಿಲ್ಲ. ಡೈವ್ ಮಾಡುವ ಕಿವಿಯ ಹೊರನಾಳ ನೀರಿಗೆ ತೆರೆದಿರಲೇಬೇಕು.

ಇನ್ನು ಗೆಳತಿಯ ನೆಗಡಿ ಮಾತ್ರೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ಇದನ್ನು ಪಾಲಿಸುವವರು ಬಹಳ. ಕಟ್ಟಿದ ಮೂಗನ್ನು ಬಿಡಿಸುವ ಮಾತ್ರೆ, ಮೂಗಿಗೆ ಸಿಂಪಡಿಸುವ ಸ್ಪ್ರೇ ಎರಡೂ ಊದಿದ ಪೊರೆಯನ್ನು ಕೆಲವು ಗಂಟೆಗಳ ಕಾಲ ಕುಗ್ಗಿಸುತ್ತವೆ. ಇಳಿಯುವಾಗ ಕಿವಿ ಸಲೀಸಾಗಿ ಬಿಡುತ್ತದೆ. ಮುರುಡೇಶ್ವರದಿಂದ ನೇತ್ರಾಣಿ ಸುಮಾರು 19 ಕಿಲೋಮೀಟರ್, ದೋಣಿಯಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು. ಅಲ್ಲಿ ಸಲಕರಣೆ ಕಟ್ಟಿಕೊಂಡು ಸರದಿಗೆ ಕಾಯಬೇಕು. ಬೆಳಿಗ್ಗೆ ದಡದಲ್ಲಿ ತೆಗೆದುಕೊಂಡ ಔಷಧದ ಬಲ ನೀವು ಆಳದಲ್ಲಿರುವಾಗಲೇ ಇಳಿಯಬಹುದು. ಆಗ ಪೊರೆ ಮತ್ತೆ ಊದಿಕೊಳ್ಳುತ್ತದೆ, ನಾಳ ಮುಚ್ಚುತ್ತದೆ, ಆಳದಲ್ಲಿ ತುಂಬಿಸಿಕೊಂಡ ಗಾಳಿ ಕಿವಿಯಲ್ಲೇ ಉಳಿಯುತ್ತದೆ. ಮೇಲೇರಿದಂತೆ ಅದು ಹಿಗ್ಗುತ್ತದೆ, ಹೊರಬರಲು ದಾರಿಯಿಲ್ಲ. ಇಳಿಯುವುದನ್ನು ಕೈಬಿಡಬಹುದು, ಮೇಲೆ ಬರುವುದನ್ನು ಕೈಬಿಡುವಂತಿಲ್ಲ. ಸಿಲಿಂಡರಿನಲ್ಲಿರುವುದು ಲೆಕ್ಕದ ಗಾಳಿ.

ಡೈವಿಂಗ್ ಕಲಿತ ಎರಡನೆಯ ವರ್ಷ ನನಗೇ ಹೀಗಾಯಿತು. ಮೂರು ದಿನದ ನೆಗಡಿ, ಬೆಳಿಗ್ಗೆ ಸ್ಪ್ರೇ ಹೊಡೆದುಕೊಂಡು ಇಳಿದಿದ್ದೆ. ಹಿಂತಿರುಗುವಾಗ ಎಂಟು ಮೀಟರಿನಲ್ಲಿ ಎಡಗಿವಿ ಒಳಗಿನಿಂದ ಉಬ್ಬತೊಡಗಿತು. ಒಂದು ಮೀಟರ್ ಕೆಳಗಿಳಿದೆ, ನೋವು ತಗ್ಗಿತು. ಗೇಣುದ್ದ ಏರಿದೆ, ಮತ್ತೆ ಬಂತು. ಲಂಗರಿನ ಹಗ್ಗವನ್ನು ಹಿಡಿದುಕೊಂಡು ದವಡೆ ಆಡಿಸುತ್ತ, ನುಂಗುತ್ತ, ಒಂದು ಕಣ್ಣು ಗಾಳಿಯ ಮಾಪಕದ ಮೇಲಿಟ್ಟು, ಆ ಎಂಟು ಮೀಟರ್ ಏರಲು ಹದಿನೈದು ನಿಮಿಷ ಹಿಡಿಯಿತು. ಮಾಪಕದ ಮುಳ್ಳು 50 ಬಾರ್‌ಗಿಂತ, ಅಂದರೆ ಮೀಸಲಿಡಬೇಕಾದ ಗಾಳಿಯ ಮಟ್ಟಕ್ಕಿಂತ, ಕೆಳಗೆ ಇಳಿದಿತ್ತು. ಅಂದಿನಿಂದ ನೆಗಡಿಯಿದ್ದ ದಿನ ನಾನು ನೀರಿಗಿಳಿದಿಲ್ಲ, ನನ್ನ ಬಳಿ ಕೇಳಿದವರಿಗೂ ಬೇಡವೆಂದೇ ಹೇಳುತ್ತೇನೆ. ಕೊಟ್ಟ ಹಣ ಹೋದರೆ ಹೋಗಲಿ. ದೋಣಿಯಲ್ಲಿ ವಾಂತಿ ಬಾರದಿರಲೆಂದು ತೆಗೆದುಕೊಳ್ಳುವ ಮಾತ್ರೆ ಬೇರೆ, ಅದಕ್ಕೆ ನನ್ನ ತಕರಾರಿಲ್ಲ. ನಿದ್ದೆ ಬರಿಸದಂಥದ್ದನ್ನು ವೈದ್ಯರಲ್ಲಿ ಕೇಳಿ, ಮನೆಯಲ್ಲಿ ಒಂದು ದಿನ ತಿಂದು ನೋಡಿ.

ಹಾಗಾದರೆ ಸರಿಯಾದ ಕ್ರಮ ಯಾವುದು? ಇದನ್ನು ನೀರಿಲ್ಲದೆಯೇ ಕಲಿಯಬಹುದು. ನವೆಂಬರಿಗೆ ಇನ್ನೂ ಸಮಯವಿದೆ. ಕನ್ನಡಿಯ ಮುಂದೆ ಕುಳಿತುಕೊಳ್ಳಿ. ಹೆಬ್ಬೆರಳು ತೋರುಬೆರಳುಗಳಿಂದ ಮೂಗಿನ ಹೊಳ್ಳೆಗಳನ್ನು ಹಿಡಿಯಿರಿ, ಬಾಯಿ ಮುಚ್ಚಿ. ಎದೆಯಿಂದ ಊದಬೇಡಿ. ಭಾರ ಎತ್ತುವಾಗ ಉಸಿರು ಕಟ್ಟುತ್ತೇವಲ್ಲ, ಹಾಗೆ ಗಂಟಲನ್ನು ಮುಚ್ಚಿಕೊಂಡು, ನಾಲಗೆಯ ಹಿಂಭಾಗವನ್ನು ಮೇಲಕ್ಕೆತ್ತಿ 'ಕ್' ಎಂದು ಹೇಳುವಂತೆ ತಳ್ಳಿರಿ. ಮಕ್ಕಳಿಗೆ ಕ-ವರ್ಗ ಕಲಿಸುವಾಗ ನಾಲಗೆ ಎಲ್ಲಿ ತಾಗುತ್ತದೆ ಎಂದು ತೋರಿಸುತ್ತೀರಲ್ಲ, ಅದೇ ಜಾಗ. ಸರಿಯಾಗಿ ಆದರೆ ಮೂರು ಗುರುತುಗಳು ಸಿಗುತ್ತವೆ: ಕನ್ನಡಿಯಲ್ಲಿ ಗಂಟಲಮಣಿ ಮೇಲಕ್ಕೆ ಜಿಗಿಯುತ್ತದೆ, ಬೆರಳಿನಡಿ ಹೊಳ್ಳೆಗಳು ಉಬ್ಬುತ್ತವೆ, ಎರಡೂ ಕಿವಿಯಲ್ಲಿ ಒಣ ಎಲೆ ಮುರಿದಂಥ ಸದ್ದು ಕೇಳುತ್ತದೆ. ಎದೆ ಅಲುಗಿದರೆ, ಕೆನ್ನೆ ಉಬ್ಬಿದರೆ ತಪ್ಪಾಗಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ವೈದ್ಯ ಹರ್ಮನ್ ಫ್ರೆಂಜೆಲ್, ಕಡಿದಾಗಿ ಇಳಿಯುವ ವಿಮಾನಗಳ ಚಾಲಕರಿಗೆ ಹೇಳಿಕೊಟ್ಟ ವಿಧಾನವಿದು. ಇದರಲ್ಲಿ ಶಕ್ತಿ ಬರುವುದು ನಾಲಗೆಯಿಂದ, ಶ್ವಾಸಕೋಶದಿಂದಲ್ಲ. ಹಾಗಾಗಿ ಅತಿಯಾಗುವ ಅಪಾಯ ಕಡಿಮೆ. ಕೆಲವರಿಗೆ ಇದಕ್ಕಿಂತ ಮೂಗು ಹಿಡಿದು ನುಂಗುವುದು ಸುಲಭ. ಯಾವುದು ನಿಮ್ಮ ಬಲಗಿವಿಗೆ ಒಗ್ಗುತ್ತದೆ ನೋಡಿ. ದಿನಕ್ಕೆ ಎರಡು ಹೊತ್ತು, ಹತ್ತು ಸಲ ಮಾಡಿದರೆ ಸಾಕು. ನೆಗಡಿಯಿದ್ದ ದಿನ ಬಿಡಿ. ಒಂದು ತಿಂಗಳು ಮಾಡಿದ ಮೇಲೂ ಬಲಗಿವಿಯಲ್ಲಿ ಸದ್ದೇ ಬಾರದಿದ್ದರೆ ಅದೂ ಒಂದು ಮಾಹಿತಿಯೇ, ಬರೆದಿಟ್ಟುಕೊಳ್ಳಿ.

ಸಮುದ್ರದಲ್ಲಿ ಮೊದಲ ಸಲ ಕಿವಿ ಬಿಡಿಸಬೇಕಾದದ್ದು ನೀರಿನ ಮೇಲೆಯೇ, ತಲೆ ಮುಳುಗುವ ಮೊದಲು. ಆಮೇಲೆ ಪ್ರತಿ ಅರ್ಧ ಮೀಟರಿಗೊಮ್ಮೆ, ಬಿಗಿಯುವುದನ್ನು ಕಾಯದೆ. ಕಾಲು ಕೆಳಗಾಗಿ, ಹಗ್ಗ ಹಿಡಿದೇ ಇಳಿಯಬೇಕು. ತಲೆ ಕೆಳಗಾಗಿ ಇಳಿದರೆ ರಕ್ತ ತಲೆಗೆ ಸೇರಿ ನಾಳದ ಪೊರೆ ಊದುತ್ತದೆ. ತೊಂದರೆಯ ಕಿವಿಯನ್ನು ಮೇಲ್ಮುಖವಾಗಿಸಿ ತಲೆ ವಾಲಿಸಿದರೆ, ನಿಮಗೆ ಎಡಕ್ಕೆ, ನಾಳ ಸ್ವಲ್ಪ ಎಳೆದುಕೊಂಡು ಬೇಗ ತೆರೆಯುತ್ತದೆ. ಬಿಡಲಿಲ್ಲವೇ, ನಿಲ್ಲಿ. ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಆಗಲೂ ಬಿಡಲಿಲ್ಲವೇ, ಅಂದಿನ ಡೈವ್ ಅಲ್ಲಿಗೆ ಮುಗಿಯಿತು. ಒಂದು ಎಚ್ಚರಿಕೆ: ಮೂಗು ಹಿಡಿದು ಊದುವುದು ಇಳಿಯುವಾಗ ಮಾತ್ರ. ಏರುವಾಗ ಗಾಳಿ ತಾನಾಗಿ ಹೊರಬರುತ್ತದೆ, ಊದಲೇಬಾರದು. ಏರುವಾಗ ಉಸಿರನ್ನಂತೂ ಕ್ಷಣಕಾಲವೂ ಹಿಡಿಯಬಾರದು. ಕಿವಿಯ ತಪ್ಪು ಕಿವಿಯನ್ನು ಕೆಡಿಸುತ್ತದೆ, ಉಸಿರು ಹಿಡಿದ ತಪ್ಪು ಶ್ವಾಸಕೋಶವನ್ನು ಹರಿದು ಜೀವವನ್ನೇ ತೆಗೆಯಬಹುದು.

ಈಗ ನಿಮ್ಮ ಬಾಲ್ಯದ ಸೋರುಗಿವಿ. ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಡೆದು ನಿಲ್ಲಿಸಿದ ಸಾಲು ಅದು. ಕೋರ್ಸಿಗೆ ಸೇರುವಾಗ ಆರೋಗ್ಯದ ಪ್ರಶ್ನಾವಳಿಯೊಂದಕ್ಕೆ ಸಹಿ ಹಾಕಿರುತ್ತೀರಿ. ಅದರಲ್ಲಿ ಕಿವಿಯ ಬಗ್ಗೆ ಪ್ರಶ್ನೆಯಿತ್ತು. ಹೌದು ಎಂದು ಬರೆದರೆ ವೈದ್ಯರ ಪತ್ರ ಕೇಳುತ್ತಾರೆ, ರಜೆ ಹಾಳಾಗುತ್ತದೆ ಎಂದು ಬಹಳ ಮಂದಿ ಎಲ್ಲಕ್ಕೂ ಇಲ್ಲ ಎಂದು ಗೀಚಿಬಿಡುತ್ತಾರೆ. ನೀವೇನು ಬರೆದಿರೋ ತಿಳಿಯದು, ಈ ಸಲ ನಿಜವನ್ನೇ ಬರೆಯಿರಿ. ವರ್ಷಗಟ್ಟಲೆ ಸೋರಿದ ಕಿವಿಯಲ್ಲಿ ಕೆಲವೊಮ್ಮೆ ತಮಟೆಯ ಒಂದು ಭಾಗ ಬಹಳ ತೆಳ್ಳಗೆ ಮುಚ್ಚಿಕೊಂಡಿರುತ್ತದೆ, ಕೆಲವೊಮ್ಮೆ ಗುಂಡುಸೂಜಿ ಮೊನೆಯಷ್ಟು ರಂಧ್ರ ಉಳಿದಿರುತ್ತದೆ, ಕೆಲವೊಮ್ಮೆ ಆ ಬದಿಯ ನಾಳವೇ ಸೋಮಾರಿಯಾಗಿರುತ್ತದೆ. ಅಪರೂಪಕ್ಕೆ ಒಳಗೆ ಚರ್ಮ ಬೆಳೆದು ಮೂಳೆಯನ್ನು ಕೊರೆಯುವ ಕೊಲೆಸ್ಟಿಯಟೋಮ ಎಂಬ ತೊಂದರೆ ಸದ್ದಿಲ್ಲದೆ ಕೂತಿರುತ್ತದೆ. ಅದಿದ್ದರೆ ಡೈವಿಂಗ್ ಮಾತು ಬದಿಗಿಟ್ಟು ಮೊದಲು ಅದಕ್ಕೆ ಶಸ್ತ್ರಚಿಕಿತ್ಸೆ ಆಗಬೇಕು.

ಆದ್ದರಿಂದ ಮೊದಲು ಕಿವಿಯ ವೈದ್ಯರನ್ನು ಕಾಣಿ. ಅವರು ಸೂಕ್ಷ್ಮದರ್ಶಕದಲ್ಲಿ ತಮಟೆ ನೋಡುತ್ತಾರೆ. ಅವರು ನೋಡುತ್ತಿರುವಾಗಲೇ ನೀವು ಮೂಗು ಹಿಡಿದು ಮೆಲ್ಲಗೆ ಊದಿ ತೋರಿಸಿ, ತಮಟೆ ಅಲುಗುವುದು ಅವರಿಗೆ ಕಾಣಬೇಕು. ಜೊತೆಗೆ ಶ್ರವಣ ಪರೀಕ್ಷೆ ಮತ್ತು ಟಿಂಪನೋಮೆಟ್ರಿ ಮಾಡಿಸಿ. ಎರಡನೆಯದು ಕಿವಿಗೆ ಪುಟ್ಟ ಬಿರಡೆಯಿಟ್ಟು ಒತ್ತಡ ಬದಲಿಸಿ ತಮಟೆಯ ಬಾಗುವಿಕೆ ಅಳೆಯುವ ಪರೀಕ್ಷೆ. ನೋವಿಲ್ಲ, ಐದು ನಿಮಿಷದ ಕೆಲಸ. ಈಗ ಕಿವಿ ಚೆನ್ನಾಗಿ ಕೇಳುತ್ತದಲ್ಲ, ಪರೀಕ್ಷೆ ಏಕೆ ಎಂದು ಬಿಡಬೇಡಿ. ಮುಂದೆ ಏನಾದರೂ ಆದರೆ ಹೋಲಿಸಿ ನೋಡಲು ಈ ದಾಖಲೆಯೇ ಆಧಾರ.

ಪರೀಕ್ಷೆಯಲ್ಲಿ ತಮಟೆ ಗಟ್ಟಿಯಾಗಿದ್ದು, ಊದಿದಾಗ ಎರಡೂ ಕಡೆ ಅಲುಗಿದರೆ ನವೆಂಬರಿನಲ್ಲಿ ಹೋಗಿ ಎಂದೇ ನನ್ನ ಸಲಹೆ. ಆಗ ಉಳಿಯುವ ಅಪಾಯವೆಂದರೆ ಮತ್ತೆ ಅದೇ ಪೆಟ್ಟು, ಅದು ನಿಮ್ಮ ಕೈಯಲ್ಲೇ ಇದೆ. ಮುಗಿಸಿದ ಪಾಠಗಳ ದಾಖಲೆ ಸಾಮಾನ್ಯವಾಗಿ ಒಂದು ವರ್ಷ ನಡೆಯುತ್ತದೆ, ಕೇಳಿ ಖಚಿತಪಡಿಸಿಕೊಳ್ಳಿ. ಈಜುಕೊಳದಲ್ಲಿ ಒಂದು ದಿನ ಹೆಚ್ಚುವರಿಯಾಗಿ ಕಿವಿಗೆಂದೇ ಮೀಸಲಿಡಲು ಹೇಳಿ. ಸಮುದ್ರದಲ್ಲಿ ಗುಂಪಿನೊಂದಿಗೆ ಬೇಡ, ಒಬ್ಬ ಬೋಧಕರು ನಿಮ್ಮೊಬ್ಬರ ಜೊತೆಗೇ ಮೊದಲ ಐದು ಮೀಟರ್ ಇಳಿಯಲಿ. ಇದಕ್ಕೆ ಹೆಚ್ಚು ಹಣ ಕೇಳಿದರೂ ಕೊಡಿ. "ಅದೆಲ್ಲ ಏನಿಲ್ಲ ಮೇಡಂ, ಒಂದೇ ಸಲ ಇಳಿದರೆ ಸರಿಯಾಗುತ್ತದೆ" ಎನ್ನುವವರಿದ್ದರೆ ಬೇರೆ ಬೋಧಕರನ್ನು ಹುಡುಕಿ. ನಿಧಾನಕ್ಕೆ ಇಳಿಸುವ ತಾಳ್ಮೆಯಿರುವವರು ನಮ್ಮ ಕರಾವಳಿಯಲ್ಲಿ ಬೇಕಾದಷ್ಟಿದ್ದಾರೆ.

ನಾಳ ಮಂದವಾಗಿದೆ ಎಂದು ಕಂಡರೆ ಆತುರ ಬೇಡ. ಹೆಚ್ಚಾಗಿ ಮೂಲ ಮೂಗಿನ ಅಲರ್ಜಿಯಲ್ಲಿರುತ್ತದೆ. ಕಾಫಿ ಹೂ ಬಿಡುವ ಕಾಲದಲ್ಲೋ, ಹಳೆಯ ಪುಸ್ತಕದ ಧೂಳಿಗೋ, ಸೀಮೆಸುಣ್ಣಕ್ಕೋ ನಿಮಗೆ ಸೀನು ಬರುತ್ತದೆಯೇ ಗಮನಿಸಿ. ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಸ್ಪ್ರೇಯನ್ನು ಕೆಲವು ವಾರ ಕ್ರಮವಾಗಿ ಬಳಸಿದರೆ ಬಹಳ ಕಿವಿಗಳು ದಾರಿಗೆ ಬರುತ್ತವೆ. ಇದು ನಾನು ಮೇಲೆ ಬೇಡವೆಂದ ದಿಢೀರ್ ಸ್ಪ್ರೇ ಅಲ್ಲ, ಮೆಲ್ಲಗೆ ಊತ ಇಳಿಸುವಂಥದ್ದು, ನಡುವೆ ಕೈಕೊಡುವುದಿಲ್ಲ. ಹೀಗೆ ಕಾದರೆ ಕೋರ್ಸಿನ ಅವಧಿ ಮುಗಿದು ಮತ್ತೆ ಹಣ ಕಟ್ಟಬೇಕಾದೀತು, ನಷ್ಟ ಅಷ್ಟೇ.

ರಂಧ್ರ ಕಂಡರೆ ಅದು ಮುಚ್ಚುವವರೆಗೆ ಡೈವಿಂಗ್ ಇಲ್ಲ. ಶಸ್ತ್ರಚಿಕಿತ್ಸೆ ಮಾಡಿ ಮುಚ್ಚಿಸಿಕೊಂಡವರಲ್ಲಿ ಪೂರ್ತಿ ಗುಣವಾಗಿ, ಒತ್ತಡ ಸಮ ಮಾಡಲು ಬಂದು, ವೈದ್ಯರ ಒಪ್ಪಿಗೆಯೊಂದಿಗೆ ಮರಳಿದವರಿದ್ದಾರೆ. ಆದರೆ ಡೈವಿಂಗ್‌ಗಾಗಿಯೇ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಇನ್ನು ಬಲಗಿವಿಯ ಶ್ರವಣಶಕ್ತಿ ಆಗಲೇ ಬಹಳ ಕುಗ್ಗಿದ್ದು, ಎಡಗಿವಿಯೊಂದೇ ನಿಮ್ಮ ಆಸರೆಯಾಗಿದ್ದರೆ, ಡೈವಿಂಗ್ ಬಿಡಿ ಎಂದು ನೇರವಾಗಿ ಹೇಳುತ್ತೇನೆ. ತರಗತಿಯಲ್ಲಿ ಹಿಂದಿನ ಬೆಂಚಿನ ಮಗುವಿನ ಮಾತು ಕೇಳಬೇಕಾದ ಕಿವಿ ಅದು. ಆಗಲೂ ಕಡಲು ಪೂರ್ತಿ ಕೈತಪ್ಪುವುದಿಲ್ಲ. ರಂಧ್ರವಿಲ್ಲದಿದ್ದರೆ, ಮಾಸ್ಕ್ ಮತ್ತು ಉಸಿರುಕೊಳವೆ ಹಾಕಿಕೊಂಡು ನೀರಿನ ಮೇಲೆಯೇ ತೇಲುತ್ತ ನೋಡಬಹುದು. ನವೆಂಬರಿನಿಂದ ಫೆಬ್ರುವರಿವರೆಗೆ ತಿಳಿನೀರಿದ್ದಾಗ ನೇತ್ರಾಣಿಯ ಬಂಡೆಗಳ ಬದಿಯಲ್ಲಿ ಗಿಳಿಮೀನು, ಚಿಟ್ಟೆಮೀನುಗಳು ಮೇಲಿನಿಂದಲೇ ಕಾಣುತ್ತವೆ, ಅದೃಷ್ಟವಿದ್ದರೆ ಕಡಲಾಮೆಯೂ.

ಹೋದಿರಾದರೆ ಒಂದು ವಿಷಯ, ನೀವು ಕೇಳದಿದ್ದರೂ ಹೇಳಬೇಕು. ಕಳೆದ ಸಲ ಡೈವ್ ಆದ ದಿನವೇ ಘಾಟಿ ಹತ್ತಿದಿರಿ. ಏಳು ಮೀಟರಿನಲ್ಲಿ ಕೆಲವೇ ನಿಮಿಷ ಇದ್ದುದರಿಂದ, ಒತ್ತಡದಲ್ಲಿ ಉಸಿರಾಡಿದ ಗಾಳಿಯಿಂದ ರಕ್ತಕ್ಕೆ ಸಾರಜನಕ ಹೆಚ್ಚು ಸೇರಿರಲಿಲ್ಲ, ಅಪಾಯವಾಗಲಿಲ್ಲ. ಆದರೆ ಕೋರ್ಸ್ ಮುಗಿಸುವಾಗ ಎರಡು ದಿನಗಳಲ್ಲಿ ನಾಲ್ಕು ಡೈವ್, 18 ಮೀಟರಿನವರೆಗೆ. ಹಾಗೆ ಸೇರಿದ ಸಾರಜನಕ ಮೆಲ್ಲಗೆ ಹೊರಹೋಗಲು ಹೊತ್ತು ಬೇಕು. ಅಷ್ಟರೊಳಗೆ ಎತ್ತರಕ್ಕೆ ಹೋದರೆ ಅದು ಗುಳ್ಳೆಗಳಾಗಿ ಕೀಲು, ನರಗಳನ್ನು ಹಿಡಿಯಬಹುದು. ಹಲವು ಡೈವ್ ಮಾಡಿದವರು ವಿಮಾನ ಹತ್ತುವ ಮೊದಲು ಕನಿಷ್ಠ 18 ಗಂಟೆ ಕಾಯಬೇಕೆಂಬ ನಿಯಮವನ್ನು ಎಲ್ಲರೂ ಹೇಳುತ್ತಾರೆ. ಅದೇ ನಿಯಮ 600 ಮೀಟರಿಗಿಂತ ಎತ್ತರದ ಊರಿಗೆ ರಸ್ತೆಯಲ್ಲಿ ಹೋಗುವವರಿಗೂ ಅನ್ವಯಿಸುತ್ತದೆ ಎಂಬುದನ್ನು ಹೇಳಲು ಮರೆಯುತ್ತಾರೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ನಿಮ್ಮ ಚಿಕ್ಕಮಗಳೂರು ಸಾವಿರ ಮೀಟರಿನ ಆಸುಪಾಸು. ಮಧ್ಯಾಹ್ನ ಡೈವ್ ಮುಗಿಸಿ ರಾತ್ರಿ ಬಸ್ಸು ಹತ್ತುವ, ಮರುದಿನ ಬೆಳಿಗ್ಗೆ ಕೊಡಚಾದ್ರಿ ಏರುವ ಯೋಜನೆಗಳನ್ನು ಕೇಳಿದಾಗಲೆಲ್ಲ ನನಗೆ ಕಳವಳವಾಗುತ್ತದೆ. ಕೊನೆಯ ಡೈವ್ ಆದ ರಾತ್ರಿ ಕೆಳಗೇ ಉಳಿಯಿರಿ. ಮರುದಿನ ಊಟ ಮಾಡಿಕೊಂಡು ಹೊರಡಿ.

ದೋಣಿ ಹೊರಡುವ ಮೊದಲು ಬೋಧಕರ ಎದುರು ಒಮ್ಮೆ ಸನ್ನೆ ಮಾಡಿ ತೋರಿಸಿ: ಅಂಗೈ ಚಪ್ಪಟೆಯಾಗಿ ಹಿಡಿದು ಅತ್ತಿತ್ತ ಅಲುಗಿಸಿ, ಆಮೇಲೆ ತೋರುಬೆರಳಿನಿಂದ ಬಲಗಿವಿಯನ್ನು ತೋರಿಸುವುದು. "ಇದನ್ನು ತೋರಿಸಿದರೆ ನಾನು ನಿಲ್ಲುತ್ತೇನೆ, ನೀವೂ ನಿಲ್ಲಬೇಕು" ಎಂದು ಬಾಯಿಬಿಟ್ಟು ಹೇಳಿ. ಪರೀಕ್ಷೆಯ ವರದಿಗಳು ಬಂದ ಮೇಲೆ ನನಗೂ ಒಂದು ಪ್ರತಿ ಕಳುಹಿಸಿ. ಬಲಗಿವಿಯದಷ್ಟೇ ಸಾಲದು, ಎಡಗಿವಿಯದೂ ಇರಲಿ.